ಆಕೆಯ ಏಳು ಎಕ್ಸ್‌ಗಳ ಲೆಕ್ಕ ಸಿಕ್ತು, ನಿನ್ನ ಲೆಕ್ಕ ಎಲ್ಲಿ ಸ್ಕಾಟ್?

ಇಂಜಿನಿಯರಿಂಗ್ ಹಾಸ್ಟೆಲಿಗೆ ಸಿನಿಮಾಗಳು ಬರ್ತಾ ಇದ್ದದ್ದು ಪಕ್ಕದ ರೂಮಿನಿಂದ. ಯಾರದೋ ಹಾರ್ಡ್ ಡಿಸ್ಕು, ಇನ್ಯಾರದೋ ಲ್ಯಾಪ್‌ಟಾಪು, ಒಂದು ಮಂಚದ ಮೇಲೆ ಏಳೆಂಟು ಜನ. ‘ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದಿ ವರ್ಲ್ಡ್’ ಅನ್ನು ನಾನು ಮೊದಲು ನೋಡಿದ್ದು ಹಾಗೆ, ಮರುದಿನ ಇಂಟರ್ನಲ್ಸ್ ಇದ್ದ ಒಂದು ರಾತ್ರಿ. ಅರ್ಧ ಗಂಟೆ ಕಳೆದರೂ ಇದು ಲವ್ ಸ್ಟೋರಿಯೋ, ವಿಡಿಯೋ ಗೇಮೋ, ಕಾಮಿಡಿಯೋ ನಮಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪಬ್ಬಿನ ಚಾವಣಿ ಒಡೆದುಕೊಂಡು ಮ್ಯಾಥ್ಯೂ ಪಟೇಲ್ ಅಂತ ಒಬ್ಬ ಬಂದು ಬಿದ್ದ. ಕಣ್ಣಿಗೆ ಕಾಡಿಗೆ, ಬಾಯಲ್ಲಿ ಬಾಲಿವುಡ್ ಧಾಟಿಯ ಹಾಡು, ಹಿಂದೆ ಗಾಳಿಯಲ್ಲಿ ತೇಲುವ ರಾಕ್ಷಸಿಯರ ಕೋರಸ್. ರೂಮಿಗೆ ರೂಮೇ ಶಿಳ್ಳೆ. ನಮ್ಮವನು ಅನ್ನೋ ಅಭಿಮಾನ ಎರಡು ನಿಮಿಷ ಉಳಿಯಿತು. ಆಮೇಲೆ ಅವನು ಚಿಲ್ಲರೆ ನಾಣ್ಯಗಳಾಗಿ ಸಿಡಿದುಹೋದ.

ಸಿನಿಮಾ ನೋಡದವರಿಗೆ ಕತೆ ಹೇಳಿಬಿಡ್ತೀನಿ. ಊರು ಕೆನಡಾದ ಟೊರಾಂಟೊ. ಸ್ಕಾಟ್‌ಗೆ 22 ವರ್ಷ. ಕೆಲಸ ಇಲ್ಲ, ಒಂದು ಸಾಧಾರಣ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸ್ತಾನೆ. ವಾಲೆಸ್ ಎಂಬ ಗೆಳೆಯನ ಕೋಣೆಯಲ್ಲಿ ಠಿಕಾಣಿ. ಅಲ್ಲಿರುವ ಯಾವ ವಸ್ತು ಯಾರದು ಅಂತ ತೆರೆಯ ಮೇಲೆ ಲೇಬಲ್ ಮೂಡುತ್ತದೆ, ಬಹುತೇಕ ಎಲ್ಲವೂ ವಾಲೆಸ್‌ನದೇ. ಹೈಸ್ಕೂಲು ಓದುವ 17 ವರ್ಷದ ನೈವ್ಸ್ ಚಾವ್ ಎಂಬ ಹುಡುಗಿಯ ಜತೆ ಸ್ಕಾಟ್ ಓಡಾಡ್ತಾ ಇದ್ದಾನೆ. ಆಗ ಅಮೆರಿಕದಿಂದ ಬಂದ ರಮೋನಾ ಫ್ಲವರ್ಸ್ ಕಣ್ಣಿಗೆ ಬೀಳ್ತಾಳೆ. ರೋಲರ್ ಸ್ಕೇಟಿಂಗ್ ಮಾಡುತ್ತ ಅಮೆಜಾನ್ ಪಾರ್ಸೆಲ್ ತಲುಪಿಸುವ ಹುಡುಗಿ, ಕೂದಲಿನ ಬಣ್ಣ ಆಗಾಗ ಬದಲು. ಅವಳ ಜತೆ ಇರಬೇಕಾದರೆ ಅವಳ ಏಳು ದುಷ್ಟ ಎಕ್ಸ್‌ಗಳನ್ನು ಒಬ್ಬೊಬ್ಬರಾಗಿ ಸೋಲಿಸಬೇಕು. ಸೋತವರು ನಾಣ್ಯಗಳಾಗ್ತಾರೆ, ತೆರೆಯ ಮೇಲೆ ಪಾಯಿಂಟ್ಸ್ ಏರುತ್ತವೆ. ಬ್ರಯಾನ್ ಲೀ ಓಮ್ಯಾಲಿ ಎಂಬ ಕೆನಡಾದ ಕಲಾವಿದ 2004ರಿಂದ 2010ರವರೆಗೆ ಆರು ಸಂಪುಟಗಳಲ್ಲಿ ಬರೆದು ಚಿತ್ರಿಸಿದ ಕಾಮಿಕ್ಸ್ ಇದರ ಮೂಲ. ನಿರ್ದೇಶಕ ಬ್ರಿಟನ್ನಿನ ಎಡ್ಗರ್ ರೈಟ್.

ಟೊರಾಂಟೊದಲ್ಲಿ ಶೂಟ್ ಮಾಡಿ ಅದನ್ನೇ ನ್ಯೂಯಾರ್ಕ್ ಅಂತ ತೋರಿಸೋದು ಹಾಲಿವುಡ್ಡಿನ ಹಳೇ ಅಭ್ಯಾಸ. ಇಲ್ಲಿ ಟೊರಾಂಟೊ ಟೊರಾಂಟೊ ಆಗಿಯೇ ಇದೆ, ಹಿಮ, ಪಿಜ್ಜಾ ಅಂಗಡಿ, ಕಾಸಾ ಲೋಮಾ ಎಂಬ ಕೋಟೆಯಂಥ ಬಂಗಲೆ ಸಮೇತ. ಅದು ಆ ಊರಿನವರಿಗೆ ದೊಡ್ಡ ಖುಷಿ. ಆದರೆ ದುಡ್ಡು ಬರಲಿಲ್ಲ. 2010ರ ಆಗಸ್ಟ್ 13ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ ಎದುರಿಗೆ ಸ್ಟಲೋನ್‌ನ ‘ದಿ ಎಕ್ಸ್‌ಪೆಂಡಬಲ್ಸ್’, ಜೂಲಿಯಾ ರಾಬರ್ಟ್ಸ್‌ಳ ‘ಈಟ್ ಪ್ರೇ ಲವ್’. ಮೊದಲ ವಾರಾಂತ್ಯಕ್ಕೆ ಐದನೇ ಸ್ಥಾನ, ಸುಮಾರು 1 ಕೋಟಿ ಡಾಲರ್. ಸುಮಾರು 6 ಕೋಟಿ ಡಾಲರ್ ಹಾಕಿದ ಸಿನಿಮಾ ಜಗತ್ತಿನಾದ್ಯಂತ ಗಳಿಸಿದ್ದು 5 ಕೋಟಿಯ ಒಳಗೆ. ನಮ್ಮಂಥ ಹಾರ್ಡ್ ಡಿಸ್ಕ್ ಪ್ರೇಕ್ಷಕರು ಆ ಲೆಕ್ಕಕ್ಕೆ ಬರಲಿಲ್ಲ ಬಿಡಿ. ಆಮೇಲಿನ ವರ್ಷಗಳಲ್ಲಿ ಅದು ಮೆಲ್ಲಗೆ ಕಲ್ಟ್ ಆಯಿತು, 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅನಿಮೇಷನ್ ಸರಣಿಯಾಗಿ ವಾಪಸ್ ಬಂತು. ಅದರ ಮಾತು ಆಮೇಲೆ.

ಸಿನಿಮಾಗೆ 15 ವರ್ಷ ತುಂಬಿದ ನೆಪದಲ್ಲಿ ಮತ್ತೊಮ್ಮೆ ನೋಡಿದೆ. ಈ ಸಲ ಶಿಳ್ಳೆ ಬರಲಿಲ್ಲ. ತಲೆಯಲ್ಲಿ ಕೂತದ್ದು ಒಂದೇ ಪ್ರಶ್ನೆ. ರಮೋನಾಳ ಹಳೇ ಸಂಬಂಧಗಳೆಲ್ಲ ಹೆಸರು, ಮುಖ, ವಿಶೇಷ ಶಕ್ತಿ ಸಮೇತ ಒಂದು ಪಟ್ಟಿಯಾಗಿ ನಮ್ಮ ಮುಂದೆ ಬರ್ತಾವೆ. ಸ್ಕಾಟ್‌ನ ಹಳೇ ಸಂಬಂಧಗಳಿಗೆ ಪಟ್ಟಿ ಯಾಕಿಲ್ಲ?

ಅವನಿಗೂ ಇದ್ದಾರೆ. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಕಿಮ್ ಪೈನ್ ಹೈಸ್ಕೂಲಿನ ಗೆಳತಿ. ಇಡೀ ಸಿನಿಮಾ ಉದ್ದಕ್ಕೂ ಅವಳು ಅವನ ಹಿಂದೆಯೇ ಕೂತು, ಕೊಲ್ಲುವ ಹಾಗೆ ನೋಡ್ತಾ ಇರ್ತಾಳೆ. ಎನ್ವಿ ಆಡಮ್ಸ್ ಈಗ ಖ್ಯಾತ ಗಾಯಕಿ, ಸ್ಕಾಟ್‌ನನ್ನು ಬಿಟ್ಟು ಹೋದವಳು. ಇನ್ನು ನೈವ್ಸ್. ಎನ್ವಿ ಕೊಟ್ಟ ಪೆಟ್ಟಿಗೆ ಮುಲಾಮಿನ ಹಾಗೆ ಅವಳನ್ನು ಹಚ್ಚಿಕೊಂಡು, ರಮೋನಾ ಸಿಕ್ಕ ಮೇಲೂ ವಿಷಯ ಹೇಳದೆ ಇಬ್ಬರ ಜತೆಗೂ ಓಡಾಡಿ, ವಾಲೆಸ್ ಬೈದ ಮೇಲೆ ಒಂದು ದಿನ ಪೆಚ್ಚು ಮೋರೆಯಲ್ಲಿ ಬ್ರೇಕಪ್ ಹೇಳ್ತಾನೆ. ಆ ಹುಡುಗಿಯ ಸಿಟ್ಟು ತಿರುಗೋದು ಯಾರ ಮೇಲೆ? ರಮೋನಾ ಮೇಲೆ! ಕೊನೆಯ ಹೊಡೆದಾಟದಲ್ಲಿ ಇಬ್ಬರು ಹುಡುಗಿಯರು ಆಯುಧ ಹಿಡಿದು ಒಬ್ಬರನ್ನೊಬ್ಬರು ಅಟ್ಟಾಡಿಸುವಾಗ ತಪ್ಪು ಮಾಡಿದವನು ಮಧ್ಯೆ ಬಂದು ಪಂಚಾಯಿತಿ ಮಾಡ್ತಾನೆ. ಹಾಸ್ಟೆಲಿನಲ್ಲಿ ಇದು ನಮಗೆ ಕಾಮಿಡಿ ಸೀನ್ ಆಗಿತ್ತು.

ಕಿಮ್ ವಿಷಯಕ್ಕೆ ಬಂದರೆ ಪುಸ್ತಕ ಸಿನಿಮಾಗಿಂತ ಎಷ್ಟೋ ನಿಷ್ಠುರ. ಆರಂಭದ ಸಂಪುಟಗಳಲ್ಲಿ ಸ್ಕಾಟ್ ನೆನಪಿಸಿಕೊಳ್ಳುವ ಪ್ರಕಾರ, ಹೈಸ್ಕೂಲಿನಲ್ಲಿ ಸೈಮನ್ ಲೀ ಎಂಬ ಖಳನಿಂದ ಅವನು ಕಿಮ್‌ಳನ್ನು ಹೀರೋ ಥರ ಪಾರುಮಾಡಿದ್ದ. ಕೊನೆಯ ಸಂಪುಟದಲ್ಲಿ ಕಿಮ್ ಅದನ್ನು ಸರಿಪಡಿಸ್ತಾಳೆ. ಸೈಮನ್ ಖಳ ಅಲ್ಲವೇ ಅಲ್ಲ, ಒಬ್ಬ ಪಾಪದ ಹುಡುಗ. ಸ್ಕಾಟ್ ಹೋಗಿ ಸುಮ್ಮನೆ ಅವನನ್ನು ಬಡಿದಿದ್ದ. ಊರು ಬಿಡುವಾಗ ಕಿಮ್‌ಗೆ ಸರಿಯಾಗಿ ಒಂದು ಮಾತೂ ಹೇಳಿರಲಿಲ್ಲ. ಅಂದ್ರೆ ನಾವು ಅಷ್ಟೂ ಹೊತ್ತು ಓದಿದ ಫ್ಲ್ಯಾಶ್‌ಬ್ಯಾಕ್ ಅವನು ತನಗೆ ಅನುಕೂಲವಾಗುವ ಹಾಗೆ ಎಡಿಟ್ ಮಾಡಿಕೊಂಡ ಕತೆ. ಹಾಗಾದರೆ ರಮೋನಾಳ ಎಕ್ಸ್‌ಗಳು ‘ದುಷ್ಟ’ರು ಅಂತ ನಮಗೆ ಹೇಳಿದ್ದಾದರೂ ಯಾರು? ಸೈಮನ್ ಲೀಯ ಕಡೆಯಿಂದ ನೋಡಿದರೆ ಆ ದುಷ್ಟರ ಸಾಲಿನಲ್ಲಿ ನಿಲ್ಲಬೇಕಾದವನು ಸ್ಕಾಟೇ.

ಈ ಭಾಗ ಓದಿ ನಾನು ಪುಸ್ತಕ ಮುಚ್ಚಿಟ್ಟೆ, ಯಾಕಂದ್ರೆ ನನಗೂ ಇಂಥದ್ದೊಂದು ಎಡಿಟಿಂಗ್ ಕೆಲಸದ ಅನುಭವ ಇದೆ. ಐಟಿ ಕೆಲಸದಲ್ಲಿದ್ದ ದಿನಗಳಲ್ಲಿ ಒಬ್ಬರನ್ನು ಮದುವೆಯ ವಿಚಾರವಾಗಿ ಭೇಟಿ ಮಾಡ್ತಾ ಇದ್ದೆ. ಎರಡನೇ ಭೇಟಿಯಲ್ಲಿ, ದೊಡ್ಡ ಮಾಡರ್ನ್ ಮನುಷ್ಯನ ಹಾಗೆ, “ಮುಂಚೆ ಯಾರಾದ್ರೂ ಇದ್ರಾ?” ಅಂತ ಕೇಳಿದೆ. ಇದ್ದರು ಅಂದರು. ಅಲ್ಲಿಗೆ ಬಿಡಬೇಕಿತ್ತು. ನಾನು ಯಾರು, ಎಷ್ಟು ವರ್ಷ, ಯಾಕೆ ಬಿಟ್ರಿ, ಈಗಲೂ ಮಾತಾಡ್ತೀರಾ ಅಂತ ಪ್ರಾಜೆಕ್ಟ್ ವೈವಾ ತಗೊಂಡೆ. ಅವರು ಶಾಂತವಾಗಿ ಉತ್ತರ ಕೊಟ್ಟು, “ನಿಮಗೆ?” ಅಂದರು. “ಸೀರಿಯಸ್ ಆಗಿ ಏನೂ ಇಲ್ಲ” ಅಂದೆ. ಕಾಲೇಜಿನಲ್ಲಿ ಮೂರು ವರ್ಷ ಜತೆಗಿದ್ದು, ಕ್ಯಾಂಪಸ್ ಸೆಲೆಕ್ಷನ್ ಆಗಿ ಬೆಂಗಳೂರಿಗೆ ಬಂದ ಮೇಲೆ ನಾನು ಫೋನ್ ಎತ್ತೋದನ್ನೇ ನಿಲ್ಲಿಸಿದ ಹುಡುಗಿಯೊಬ್ಬಳಿದ್ದಳು. ಆಕೆ ಆ ಒಂದು ವಾಕ್ಯದಲ್ಲಿ ಅಳಿಸಿಹೋದಳು. ಮೂರನೇ ಭೇಟಿ ಆಗಲಿಲ್ಲ. ಆ ಕಡೆಯಿಂದ ಬಂದ ಮೆಸೇಜು ತುಂಬ ಮರ್ಯಾದೆಯಿಂದ ಇತ್ತು.

ಹಾಗಂತ ಸಿನಿಮಾಗೆ ತನ್ನ ಹೀರೋ ಬಗ್ಗೆ ಏನೂ ಗೊತ್ತಿಲ್ಲ ಅಂತಲ್ಲ. ಅದರಲ್ಲಿ ನನಗೆ ಇಷ್ಟವಾಗುವ ಜಾಗ ಕೊನೆಯ ಹೊಡೆದಾಟ. ಏಳನೇ ಎಕ್ಸ್ ಗಿಡಿಯನ್ ಗ್ರೇವ್ಸ್ ಎದುರು ಸ್ಕಾಟ್‌ಗೆ ಪ್ರೀತಿಯ ಬಲದಿಂದ ಒಂದು ಖಡ್ಗ ಸಿಗುತ್ತೆ. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಗೆದ್ದ ಹಾಗೆ. ಇಲ್ಲ, ಸಾಯ್ತಾನೆ. ಗೇಮಿನಲ್ಲಿ ಎತ್ತಿಟ್ಟುಕೊಂಡಿದ್ದ ಒಂದು ಎಕ್ಸ್ಟ್ರಾ ಲೈಫ್ ಬಳಸಿ ಮತ್ತೆ ಅದೇ ಲೆವೆಲ್ ಆಡ್ತಾನೆ. ಎರಡನೇ ಸಲ ದಾರಿಯಲ್ಲಿ ಕಿಮ್‌ಗೆ ಕ್ಷಮೆ ಕೇಳ್ತಾನೆ. ಆಗ ಸಿಗುವ ಖಡ್ಗ ಆತ್ಮಗೌರವದ್ದು. ಇಬ್ಬರಿಗೂ ಮೋಸ ಮಾಡಿದ್ದೆ ಅಂತ ನೈವ್ಸ್ ಮತ್ತು ರಮೋನಾ ಮುಂದೆ ಒಪ್ಪಿಕೊಳ್ಳೋದೂ ಇದೇ ಸುತ್ತಿನಲ್ಲಿ. ಗೇಮಿನ ಭಾಷೆಯಲ್ಲಿ ಹೇಳುವುದಾದರೆ ಬಾಸ್ ಹೊರಗಿರಲಿಲ್ಲ, ಬ್ಯಾಕ್‌ಲಾಗ್ ಕ್ಲಿಯರ್ ಆಗದೆ ಮುಂದಿನ ಸೆಮಿಸ್ಟರ್ ಇರಲಿಲ್ಲ.

ಆದರೆ ರಮೋನಾ ವಿಷಯದಲ್ಲಿ ಸಿನಿಮಾ ಜಾರಿಕೊಂಡಿದೆ. ಅವಳು ಗಿಡಿಯನ್ ಕಡೆ ಮರಳಿದ್ದು ಯಾಕೆ ಅನ್ನೋದಕ್ಕೆ ಅವಳ ಕತ್ತಿನ ಹಿಂದೆ ಒಂದು ಚಿಪ್ ತೋರಿಸ್ತಾರೆ. ಗಿಡಿಯನ್ ಅವಳ ತಲೆಯೊಳಗೆ ಹೋಗೋಕೆ ದಾರಿ ಮಾಡಿಕೊಂಡಿದ್ದಾನಂತೆ. ಕೆಟ್ಟ ಸಂಬಂಧಕ್ಕೆ ಹೆಂಗಸರು ಯಾಕೆ ವಾಪಸ್ ಹೋಗ್ತಾರೆ ಅನ್ನೋದು ಕಷ್ಟದ, ನೋವಿನ ಪ್ರಶ್ನೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ಉತ್ತರ! ರಾಕ್ಸಿ ರಿಕ್ಟರ್‌ಳ ಕತೆಯೂ ಅಷ್ಟೇ. ಏಳು ಎಕ್ಸ್‌ಗಳಲ್ಲಿ ಹೆಣ್ಣು ಅವಳೊಬ್ಬಳೇ. ಸ್ಕಾಟ್ ಪ್ರತಿ ಸಲ ‘ಎಕ್ಸ್ ಬಾಯ್‌ಫ್ರೆಂಡ್ಸ್’ ಅಂದಾಗ ರಮೋನಾ ‘ಎಕ್ಸ್’ ಅಷ್ಟೇ ಅಂತ ತಿದ್ದುತ್ತಿದ್ದದ್ದು ಈಕೆಗಾಗಿಯೇ. ಆದರೆ ರಾಕ್ಸಿ ಎದುರು ನಿಂತಾಗ ಅದು ಒಂದು ಹಂತ, ಮುಗಿಯಿತು ಅಂತ ತಳ್ಳಿಹಾಕ್ತಾಳೆ. ರಾಕ್ಸಿಯ ಮುಖದಲ್ಲಿ ಅವಮಾನ ಕಾಣುತ್ತೆ. ಕ್ಯಾಮೆರಾ ಅಲ್ಲಿ ನಿಲ್ಲೋದಿಲ್ಲ. ಸ್ಕಾಟ್ ಮೊಣಕಾಲಿನ ಹಿಂಬದಿ ಮುಟ್ಟಿ ಅವಳನ್ನು ಮುಗಿಸ್ತಾನೆ, ಮತ್ತೊಂದಿಷ್ಟು ನಾಣ್ಯ.

ಅಂತ್ಯದಲ್ಲೂ ಅದೇ ತಡವರಿಕೆ. ಶೂಟಿಂಗ್ ನಡೆಯುವಾಗ ಆರನೇ ಪುಸ್ತಕ ಇನ್ನೂ ಬಂದಿರಲಿಲ್ಲ. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಸ್ಕಾಟ್ ನೈವ್ಸ್ ಜತೆ ಸೇರ್ತಾನೆ. ಪರೀಕ್ಷಾ ಪ್ರದರ್ಶನಗಳಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆ ನೋಡಿ ಅದನ್ನು ಬದಲಾಯಿಸಿದರು. ಈಗ ನಾವು ನೋಡುವುದರಲ್ಲಿ ನೈವ್ಸ್ ತಾನೇ ಅವನನ್ನು ರಮೋನಾಳ ಹಿಂದೆ ಕಳಿಸಿಕೊಡ್ತಾಳೆ. ಯಾವ ಹುಡುಗಿ ಸಿಗಬೇಕು ಅನ್ನೋದು ಎರಡು ಅಂತ್ಯಗಳ ನಡುವಿನ ವ್ಯತ್ಯಾಸ. ಯಾರೋ ಒಬ್ಬಳು ಸಿಗಲೇಬೇಕಾ ಅಂತ ಯಾರೂ ಕೇಳಿದ ಹಾಗಿಲ್ಲ.

ಗಿಡಿಯನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಏಳೂ ಜನರನ್ನು ಸೇರಿಸಿ ಈ ‘ಲೀಗ್’ ಕಟ್ಟಿದವನು ಅವನೇ. ಉದ್ದೇಶ, ರಮೋನಾ ಮುಂದೆ ಯಾರನ್ನು ಪ್ರೀತಿಸಬಹುದು ಅಂತ ಹಳಬರು ತೀರ್ಮಾನಿಸೋದು. ಎಲ್ಲರ ಫೋನ್ ನಂಬರು, ವಿಳಾಸ ಹುಡುಕೋಕೆ ತನಗೆ ಬರೋಬ್ಬರಿ ಎರಡು ಗಂಟೆ ಹಿಡಿಯಿತು ಅಂತ ಅವನು ಕಿರುಚಾಡುವ ಸೀನ್ ಇದೆ. 2010ರಲ್ಲಿ ಅದಕ್ಕೆ ಬಿದ್ದು ಬಿದ್ದು ನಕ್ಕಿದ್ದೆವು. ಈಗ ಅಷ್ಟು ಹೊತ್ತೂ ಬೇಡ, ಇನ್‌ಸ್ಟಾಗ್ರಾಂನಲ್ಲಿ ಹತ್ತು ನಿಮಿಷ ಸಾಕು.

ನನ್ನನ್ನು ಬಿಟ್ಟವಳು, ನನ್ನನ್ನು ಬೇಡ ಅಂದವಳು ಇನ್ನೊಬ್ಬರ ಜತೆ ಇರಕೂಡದು ಅನ್ನುವ ಗಂಡಸನ್ನು ತಮಾಷೆಯ ವಿಲನ್ ಆಗಿ ನೋಡೋದು ನಮ್ಮ ಕಡೆ ಕಷ್ಟ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳನ್ನು ಇರಿದು ಕೊಲ್ಲಲಾಯಿತು. ಬಂಧಿತನಾದವನು ಹಿಂದೆ ಅದೇ ಕಾಲೇಜಿನಲ್ಲಿ ಓದಿದವನು. ಒಂದು ತಿಂಗಳು ತುಂಬುವ ಮೊದಲೇ ಅದೇ ಊರಿನಲ್ಲಿ ಇನ್ನೊಬ್ಬ ಯುವತಿ ಮನೆಯೊಳಗೇ ಕೊಲೆಯಾದಳು. ಮೊದಲ ಪ್ರಕರಣದಲ್ಲಿ ಆಮೇಲೆ ಏನಾಯಿತು ನೆನಪು ಮಾಡಿಕೊಳ್ಳಿ. ಇಬ್ಬರ ನಡುವೆ ಪ್ರೀತಿ ಇತ್ತಾ, ಇರಲಿಲ್ವಾ ಅಂತ ದಿನಗಟ್ಟಲೆ ಚರ್ಚೆ. ಟಿವಿಯಲ್ಲಿ, ರಾಜಕಾರಣಿಗಳ ಬಾಯಲ್ಲಿ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸತ್ತವಳ ಹಿಂದಿನದರ ತನಿಖೆ. ಇಬ್ಬರ ಧರ್ಮ ಬೇರೆಯಾಗಿದ್ದರಿಂದ ಅದಕ್ಕೆ ಇನ್ನೂ ಬೆಂಕಿ. ಪ್ರೀತಿ ಇತ್ತು ಅಂದುಕೊಳ್ಳಿ, ಇರಲಿಲ್ಲ ಅಂದುಕೊಳ್ಳಿ, ಕೊಲೆಯ ತೂಕದಲ್ಲಿ ಒಂದು ಗ್ರಾಮಾದರೂ ವ್ಯತ್ಯಾಸ ಆಗುತ್ತಾ? ಹೆಣ್ಣು ಬೇಡ ಅಂದ ಮೇಲೂ ಹಿಂಬಾಲಿಸೋದು 2013ರ ತಿದ್ದುಪಡಿಯಿಂದ ನಮ್ಮಲ್ಲಿ ಅಪರಾಧ, ಹೊಸ ನ್ಯಾಯ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆ ಕಾನೂನಿನ ಬಗ್ಗೆ ಆ ವಾರಗಳಲ್ಲಿ ಎಷ್ಟು ಜನ ಮಾತಾಡಿದ್ದನ್ನು ನೀವು ಕೇಳಿದ್ದೀರಿ?

ಇನ್ನು ಪಟ್ಟಿ ಮಾಡುವ ಚಟ ವ್ಯಕ್ತಿಗಳದ್ದು ಮಾತ್ರ ಅಲ್ಲ. 2025ರ ಜನವರಿ 27ರಂದು ಉತ್ತರಾಖಂಡದಲ್ಲಿ ಏಕರೂಪ ನಾಗರಿಕ ಸಂಹಿತೆ ಜಾರಿಗೆ ಬಂದಾಗ ಲಿವ್-ಇನ್ ಸಂಬಂಧದಲ್ಲಿರುವವರು ಒಂದು ತಿಂಗಳೊಳಗೆ ನೋಂದಾಯಿಸಿಕೊಳ್ಳಬೇಕು ಎಂದಾಯಿತು. ಇಲ್ಲದಿದ್ದರೆ ಮೂರು ತಿಂಗಳವರೆಗೆ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಬ್ಬರಲ್ಲಿ ಒಬ್ಬರು 21ರ ಒಳಗಿದ್ದರೆ ಅಪ್ಪ-ಅಮ್ಮನಿಗೆ ಮಾಹಿತಿ, ಸ್ಥಳೀಯ ಪೊಲೀಸ್ ಠಾಣೆಗೂ ಒಂದು ಪ್ರತಿ. ಆ ನಿಯಮಗಳ ಜತೆ ಬಂದ ಅರ್ಜಿಯಲ್ಲಿ ಹಿಂದಿನ ಸಂಬಂಧಗಳ ವಿವರವನ್ನೂ ಕೇಳಿದ್ದರು. ಕಾಗದದ ಮೇಲೆ ಗಂಡು-ಹೆಣ್ಣು ಇಬ್ಬರಿಗೂ ಒಂದೇ ಪ್ರಶ್ನೆ, ನಿಜ. ಆದರೆ ಆ ಹಾಳೆ ಕಚೇರಿಯಿಂದ ಓಣಿಗೆ ಸೋರಿಹೋದರೆ ಯಾರ ಉತ್ತರವನ್ನು ಊರು ಗಟ್ಟಿಯಾಗಿ ಓದುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗಿಡಿಯನ್‌ಗೆ ಎರಡು ಗಂಟೆ ಹಿಡಿದ ಕೆಲಸವನ್ನು ಇಲ್ಲಿ ಅರ್ಜಿದಾರರೇ ಮಾಡಿಕೊಡಬೇಕು, ಸಹಿ ಸಮೇತ.

ಈಗ 2023ರ ಸರಣಿಗೆ ಬರೋಣ. ಹೆಸರು ‘ಸ್ಕಾಟ್ ಪಿಲ್‌ಗ್ರಿಮ್ ಟೇಕ್ಸ್ ಆಫ್’, ಜಪಾನಿನ ಸೈನ್ಸ್ ಸಾರು ಸ್ಟುಡಿಯೊ ಮಾಡಿದ ಎಂಟು ಕಂತು, ಬರವಣಿಗೆಯಲ್ಲಿ ಬೆನ್‌ಡೇವಿಡ್ ಗ್ರಬಿನ್ಸ್ಕಿ ಜತೆ ಸ್ವತಃ ಓಮ್ಯಾಲಿ. ಸಿನಿಮಾದ ನಟರೇ ಬಂದು ದನಿ ಕೊಟ್ಟಿದ್ದಾರೆ. ನೋಡಬೇಕು ಅಂತಿದ್ದರೆ ಈ ಭಾಗ ಬಿಟ್ಟುಬಿಡಿ, ಗುಟ್ಟು ಹೇಳದೆ ಇದರ ಬಗ್ಗೆ ಬರೆಯೋಕೆ ಆಗಲ್ಲ. ಮೊದಲ ಕಂತು ಹಳೇ ಕತೆಯನ್ನೇ ಒಪ್ಪಿಸುತ್ತೆ, ಅದೇ ಪಾರ್ಟಿ, ಅದೇ ಸ್ಕೇಟ್ಸ್, ಅದೇ ಪಟೇಲ್. ಆಮೇಲೆ ಮೊದಲ ಫೈಟ್‌ನಲ್ಲೇ ಸ್ಕಾಟ್ ಸೋತುಹೋಗ್ತಾನೆ! ಹೀರೋ ನಾಪತ್ತೆ. ಅವನು ಸತ್ತಿಲ್ಲ ಅನ್ನೋ ಅನುಮಾನ ರಮೋನಾಗೆ, ಹಾಗಾಗಿ ಪತ್ತೇದಾರಿಗೆ ಇಳಿದು ತನ್ನ ಎಕ್ಸ್‌ಗಳನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ತಾನೇ ಹೋಗ್ತಾಳೆ. ಹಿಂದೆ ಯಾರನ್ನು ಗೆಲ್ಲೋಕೆ ಅವನು ಒದ್ದಾಡಿದ್ದನೋ ಅವರ ಜತೆ ಇವಳು ಕೂತು ಮಾತಾಡ್ತಾಳೆ.

ಮೂರನೇ ಕಂತಿನಲ್ಲಿ ರಾಕ್ಸಿ ಸಿಗ್ತಾಳೆ. ವಿಡಿಯೊ ಅಂಗಡಿಯಲ್ಲಿ ಭರ್ಜರಿ ಫೈಟ್ ಇದೆ, ಅದು ಬೇಕಾದವರಿಗೆ ನಿರಾಸೆ ಇಲ್ಲ. ಆದರೆ ಅದು ಮುಗಿಯೋದು ಯಾರೂ ಸಿಡಿಯದೆ. ಒಂದು ಮಾತೂ ಹೇಳದೆ ಬಿಟ್ಟು ಹೋಗಿದ್ದಕ್ಕೆ ರಮೋನಾ ಕ್ಷಮೆ ಕೇಳ್ತಾಳೆ. ಸಿನಿಮಾದಲ್ಲಿ ‘ಒಂದು ಹಂತ’ ಆಗಿದ್ದವಳು ಇಲ್ಲಿ ನೋವಾದ ಒಬ್ಬ ಮನುಷ್ಯಳು. ಪಟೇಲ್ ಕತೆ ಇನ್ನೂ ಮಜಾ. ಗೆದ್ದ ಹುಮ್ಮಸ್ಸಿನಲ್ಲಿ ಅವನು ಗಿಡಿಯನ್‌ನನ್ನೂ ಸೋಲಿಸಿ ಅವನ ಇಡೀ ವ್ಯವಹಾರವನ್ನೇ ತನ್ನದು ಮಾಡಿಕೊಂಡು, ತಲೆತುಂಬ ಇದ್ದ ನಾಟಕದ ಹುಚ್ಚಿಗೆ ದುಡ್ಡು ಸುರಿಯುತ್ತಾನೆ. ಹಾಸ್ಟೆಲಿನಲ್ಲಿ ನಾವು ಹೊಡೆದ ಶಿಳ್ಳೆಗೆ ನ್ಯಾಯ ಸಿಕ್ಕಿದ್ದು 13 ವರ್ಷದ ಮೇಲೆ. (ಎರಡರಲ್ಲೂ ಪಟೇಲ್ ಆಗಿರುವ ಸತ್ಯ ಭಾಭಾ, ವಿದ್ವಾಂಸ ಹೋಮಿ ಭಾಭಾ ಅವರ ಮಗ. ಅಪ್ಪನ ಬರಹ ಎಂ.ಎ. ತರಗತಿಯಲ್ಲಿ ಅರ್ಥವಾಗದೆ ಒದ್ದಾಡಿದ ಗೆಳೆಯರಿಗೆ ಮಗನ ಹಾಡು ಪೂರ್ತಿ ಅರ್ಥವಾಗುತ್ತೆ.)

ಹಾಗಾದರೆ ಸ್ಕಾಟ್‌ನನ್ನು ಎತ್ತಾಕಿಕೊಂಡು ಹೋದವರು ಯಾರು? ಅವನೇ. ಭವಿಷ್ಯದಿಂದ ಬಂದ 37 ವರ್ಷದ ಸ್ಕಾಟ್. ರಮೋನಾಳನ್ನು ಮದುವೆಯಾಗಿ, ಅದು ಹದಗೆಟ್ಟು, ಈ ನೋವೇ ಬೇಡ ಅಂತ ಇಬ್ಬರೂ ಸೇರದ ಹಾಗೆ ಮಾಡೋಕೆ ಹಿಂದಕ್ಕೆ ಬಂದಿದ್ದಾನೆ. ಅಂದ್ರೆ ರಮೋನಾಳ ಬದುಕನ್ನು ಅವಳನ್ನು ಕೇಳದೆ ತಿದ್ದಲು ಹೊರಟ ಮತ್ತೊಬ್ಬ ಗಂಡಸು. ಗಿಡಿಯನ್‌ಗೂ ಇವನಿಗೂ ಈಗ ಏನು ವ್ಯತ್ಯಾಸ ಉಳಿಯಿತು? ಸಿನಿಮಾ ನುಂಗಿಕೊಂಡದ್ದನ್ನು, ಪುಸ್ತಕ ಕಿಮ್ ಬಾಯಲ್ಲಿ ಅರ್ಧ ಹೇಳಿದ್ದನ್ನು ಸರಣಿ ನೇರವಾಗಿ ಇಡುತ್ತದೆ. ಎಂಟನೇ ದುಷ್ಟ ಎಕ್ಸ್ ಮೊದಲ ದಿನದಿಂದಲೂ ಪೋಸ್ಟರಿನ ಮಧ್ಯದಲ್ಲಿ ಗಿಟಾರ್ ಹಿಡಿದು ನಿಂತಿದ್ದ.

ಸರಣಿಯಲ್ಲಿ ಕೊರತೆ ಇಲ್ಲದಿಲ್ಲ. ಕೊನೆಯ ಕಂತುಗಳಲ್ಲಿ ಕಾಲಯಾನದ ಸಿಕ್ಕು ಜಾಸ್ತಿ. ನೈವ್ಸ್‌ಗೆ ಈ ಸಲ ಸಂಗೀತ, ಗೆಳೆಯರು ಎಲ್ಲ ಸಿಕ್ಕಿದ್ದಾರೆ, ಆದರೆ ಸ್ಕಾಟ್ ಅವಳಿಗೆ ಮಾಡಿದ್ದು ತಪ್ಪು ಅನ್ನೋ ಮಾತು ಗಲಾಟೆಯಲ್ಲಿ ಮೆತ್ತಗಾಗಿದೆ. ಅವಳಿಗೆ ಸಲ್ಲಬೇಕಾದ್ದು ಇನ್ನೂ ಬಾಕಿ ಅಂತಲೇ ನನಗನಿಸೋದು.

ನಮ್ಮ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗ್ರೂಪು ಇನ್ನೂ ಜೀವಂತ ಇದೆ. ಈಗೆಲ್ಲ ಅಲ್ಲಿ ಹೋಮ್ ಲೋನ್, ಮಕ್ಕಳ ಸ್ಕೂಲ್ ಅಡ್ಮಿಷನ್ ಮಾತೇ ಹೆಚ್ಚು. ಮೊನ್ನೆ ಸರಣಿಯ ಲಿಂಕ್ ಹಾಕಿದೆ. ಆವತ್ತು ಲ್ಯಾಪ್‌ಟಾಪ್ ಕೊಟ್ಟಿದ್ದ ಗೆಳೆಯ ಎರಡು ರಾತ್ರಿಯಲ್ಲಿ ನೋಡಿ ಮುಗಿಸಿದ. “ಏನೋ ಇದು, ಹೀರೋನೇ ಇಲ್ವಲ್ಲೋ ಅರ್ಧಕ್ಕರ್ಧ” ಅಂತ ಬರೆದ. ಅರ್ಧ ಗಂಟೆ ಬಿಟ್ಟು ಇನ್ನೊಂದು ಮೆಸೇಜು, ಗ್ರೂಪಿಗಲ್ಲ, ನನಗೆ ಮಾತ್ರ: “ಆ ಮೂರನೇ ವರ್ಷದ ಹುಡುಗಿ ನಂಬರ್ ನಿನ್ ಹತ್ರ ಇದೆಯಾ? ಸುಮ್ನೆ. ಒಂದು ಸಾರಿ ಹೇಳಬೇಕಿತ್ತು.”

ಇಲ್ಲ ಅಂತ ಬರೆದೆ. ನಿಜವಾಗಿಯೂ ಇರಲಿಲ್ಲ.